ಬೆಲ್ಲಕ್ಕೆ ಬಂದ ಬಸವ

ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲಿ ಯಾರನ್ನೂ ಕೇಳದೆ ಎಲ್ಲಿ ಬೇಕಾದರೂ ಹೋಗಿಬರುವ ಹಕ್ಕು ಇದ್ದದ್ದು ಒಬ್ಬನಿಗೆ ಮಾತ್ರ. ಅವನು ಪಟೇಲನಲ್ಲ, ಶಾನುಭೋಗನೂ ಅಲ್ಲ. ಅವನೊಂದು ಹೋರಿ. ಹೆಸರು ಚೆನ್ನ. ಅವನನ್ನು ದೇವರಿಗೆ ಬಿಟ್ಟಿದ್ದರು. ಹಾಗೆ ದೇವರಿಗೆ ಬಿಟ್ಟ ಹೋರಿಗೆ ನಮ್ಮ ಕಡೆ ಬಸವ ಅನ್ನುತ್ತಾರೆ. ಬಸವನನ್ನು ಯಾರೂ ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ, ನೊಗಕ್ಕೆ ಹೂಡುವಂತಿಲ್ಲ. ಯಾರ ಹೊಲಕ್ಕೆ ನುಗ್ಗಿದರೂ "ಸಾಕಪ್ಪ ಸ್ವಾಮಿ, ಇನ್ನು ಆ ಕಡೆ ಹೋಗು" ಎಂದು ಕೈಮುಗಿದು ಕಳಿಸಬೇಕು. ನಾನು ಮಾತ್ರ ದೀಪ ಹಚ್ಚುವ ಹೊತ್ತಿಗೆ ಮನೆ ಸೇರದಿದ್ದರೆ ಅಮ್ಮನ ಕೈಯಿಂದ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಚೆನ್ನನನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು.

ಈ ಕಥೆಯನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳುವ ಹಾಗೆ ಮಾಡಿದವನು ಕಿರಿಯ ಮೊಮ್ಮಗ. ಅವನ ಶಾಲೆಯಲ್ಲಿ ಭಾಷಣ ಸ್ಪರ್ಧೆಯಂತೆ. ಮೊನ್ನೆ ಪುಸ್ತಕ, ಪೆನ್ನು ಹಿಡಿದು ಬಂದು ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. "ಅಜ್ಜಿ, ಜೀವನದಲ್ಲಿ ಯಶಸ್ಸು ಗಳಿಸೋಕೆ ಮೂರು ಸೂತ್ರ ಹೇಳು. ಮೂರೇ ಸಾಕು, ನಾಲ್ಕನೇದು ಹೇಳೋಕೆ ಟೈಮ್ ಇರಲ್ಲ" ಎಂದ. ಅವನ ಅಕ್ಕ, ಅಂದರೆ ನನ್ನ ಹಿರಿಯ ಮೊಮ್ಮಗಳು, ಆ ಮೂಲೆಯಲ್ಲಿ ಮೊಬೈಲ್ ನೋಡುತ್ತ ಕೂತಿದ್ದಳು. ಒಂದು ವಾರದಿಂದ ಅವಳು ನಗುವುದನ್ನು ನಾನು ನೋಡಿರಲಿಲ್ಲ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಸೂತ್ರ ಅಂದರೆ ನನಗೆ ಕಷ್ಟವೇನಲ್ಲ. ಗುಬ್ಬಿ ತಾಲ್ಲೂಕಿನ ಶಾಲೆಗಳಲ್ಲಿ ಟೀಚರಾಗಿ ತಲೆ ನರೆಸಿಕೊಂಡವಳು ನಾನು. ದಿನಕ್ಕೊಂದು ಸುಭಾಷಿತ ಬೋರ್ಡಿನ ಮೇಲೆ ಬರೆಸಿದ್ದೇನೆ. ಆದರೆ ಬೋರ್ಡಿನ ಮೇಲೆ ಬರೆದದ್ದನ್ನು ಸಂಜೆ ಒರೆಸಿಬಿಡುತ್ತೇವೆ. ಒರೆಸಿದರೂ ಹೋಗದ ಮಾತುಗಳು ನನಗೆ ಗೊತ್ತಿರುವುದು ಮೂರೇ. ಅವನ್ನು ಹೇಳಿಕೊಟ್ಟವರು ಅಪ್ಪ. ಅಪ್ಪ ಭಾಷಣ ಮಾಡಿದವರಲ್ಲ. ಸಂಜೆ ದನ ಕಟ್ಟುತ್ತ, ಕೊಟ್ಟಿಗೆಯಲ್ಲಿ ಬಗ್ಗಿಕೊಂಡೇ ಹೇಳುತ್ತಿದ್ದರು. "ಬಾಯಿಂದ ಬಂದ ಮಾತು ಉಳಿಸ್ಕೋಬೇಕು ಕಣವ್ವ." ಇದು ಒಂದು. "ಕೊಟ್ಟಿದ್ದನ್ನ ಮತ್ತೆ ಮುಟ್ಟಬಾರ್ದು." ಇದು ಎರಡು. ಮೂರನೆಯದೂ ಇತ್ತು. ಅದನ್ನು ಹೇಳುವ ಮುಂಚೆ ಚೆನ್ನನ ಕಥೆ ಹೇಳಬೇಕು.

ನಮ್ಮದು ಗುಬ್ಬಿಯ ಹತ್ತಿರದ ಹಳ್ಳಿ. ತೆಂಗಿನ ತೋಟ ಸ್ವಲ್ಪ, ರಾಗಿ ಹೊಲ ಸ್ವಲ್ಪ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸದೆ ಮನೆಯಲ್ಲಿ ಯಾರೂ ಬಾಯಿಗೆ ನೀರು ಹಾಕುತ್ತಿರಲಿಲ್ಲ. ನನಗೆ ಆರು ವರ್ಷವಾಗಿದ್ದಾಗ ವಿಷಮಜ್ವರ ಬಂದು, ತಿಂಗಳುಗಟ್ಟಲೆ ಮಲಗಿದ್ದೆನಂತೆ. ತಲೆಕೂದಲೆಲ್ಲ ಉದುರಿ, ಮಾತು ನಿಂತುಹೋಗಿತ್ತಂತೆ. ಆಗ ಅಪ್ಪ ಈಶ್ವರನ ಗುಡಿಯ ಮುಂದೆ ನಿಂತು, "ಮಗು ಎದ್ದು ಓಡಾಡಿದರೆ ನಮ್ಮ ಹಸು ಹಾಕುವ ಮೊದಲ ಹೋರಿಗರುವನ್ನು ಬಸವನಾಗಿ ಬಿಡುತ್ತೇನೆ" ಎಂದು ಹರಕೆ ಹೊತ್ತರು. ನಾನು ಎದ್ದು ಓಡಾಡಿದೆ. ಹಸುವೂ ಗಂಡುಗರು ಹಾಕಿತು. ಹಾಲಿನಷ್ಟು ಬಿಳಿಯ ಮೈ, ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಅಂಚು. ಅವನೇ ಚೆನ್ನ.

ನನ್ನಿಂದಲೇ ಬಂದವನು ಅಂತ ಅವನನ್ನು ನಾನೇ ಸಾಕಿದೆ. ಶಾಲೆಯಿಂದ ಬಂದ ಕೂಡಲೇ ಕೊಟ್ಟಿಗೆಗೆ ಓಟ. ಅಂಗೈಯಲ್ಲಿ ಬೆಲ್ಲದ ಚೂರು ಇಟ್ಟರೆ ಉಪ್ಪುಕಾಗದದಂಥ ಒರಟು ನಾಲಿಗೆಯಿಂದ ಕೈಯ ಗೆರೆಗಳೆಲ್ಲ ಅಳಿಸಿಹೋಗುವ ಹಾಗೆ ನೆಕ್ಕುತ್ತಿದ್ದ. ಕಚಗುಳಿಗೆ ನಾನು ಕಿಲಕಿಲ ನಗುತ್ತಿದ್ದೆ. ಅಮ್ಮ ಅಡುಗೆಮನೆಯಿಂದ, "ಬೆಲ್ಲದ ಡಬ್ಬಿ ಖಾಲಿ ಆಗ್ತೈತೆ, ಇಲಿ ಯಾವ್ದು ಅಂತ ನಂಗೊತ್ತು ಬುಡು" ಎನ್ನುತ್ತಿದ್ದರು.

ಚೆನ್ನ ಬೆಳೆದು ಮೈ ತುಂಬಿಕೊಂಡ ಮೇಲೆ ಒಂದು ಸೋಮವಾರ ಅವನಿಗೆ ಮುದ್ರೆ ಹಾಕಿದರು. ಮೈತೊಳೆದು, ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ ಗುಡಿಯ ಮುಂದೆ ನಿಲ್ಲಿಸಿದ್ದರು. ಗುಡಿಯ ಪೂಜೆ ಮಾಡುವ ಅಯ್ಯನವರು ಮಂತ್ರ ಹೇಳಿದರು. ಕೆಂಡದಲ್ಲಿ ಕಾಯಿಸಿದ ಕಬ್ಬಿಣದ ಲಿಂಗಮುದ್ರೆಯನ್ನು ಅವನ ಬಲತೊಡೆಗೆ ಒತ್ತಿದಾಗ ಕೂದಲು ಸುಟ್ಟ ವಾಸನೆ ಬಂತು. ಅವನು ಒಮ್ಮೆ ನೆಗೆದು, ಆಮೇಲೆ ನನ್ನ ಕಡೆ ನೋಡಿ ಸುಮ್ಮನಾದ. ಸುಟ್ಟ ಜಾಗಕ್ಕೆ ಅಪ್ಪ ಬೆಣ್ಣೆ, ಅರಿಶಿನ ಹಚ್ಚಿದರು. ಕೊನೆಗೆ ಅವನ ಕೊರಳಿನ ಕಣ್ಣಿ ಬಿಚ್ಚಬೇಕಿತ್ತು. ಅಪ್ಪ ಹಗ್ಗದ ಗಂಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೆಯೇ ನಿಂತರು. ಯಾಕೆ ನಿಂತರು ಅಂತ ನನಗೆ ಆಗ ಗೊತ್ತಾಗಲಿಲ್ಲ. ಆಮೇಲೆ "ಶಿವಾರ್ಪಣ" ಎಂದು ಬಿಚ್ಚಿದರು.

ಅಯ್ಯನವರು ನಮ್ಮ ಮನೆಯವರನ್ನೆಲ್ಲ ಕರೆದು ಕಟ್ಟುನಿಟ್ಟಾಗಿ ಹೇಳಿದರು. "ಬಿಟ್ಟ ಮನೆಯೋರು ಇನ್ನು ಅವನ್ನ ಕರೀಬಾರ್ದು. ಕೈಯಾರೆ ಏನೂ ತಿನ್ನಿಸಬಾರ್ದು. ಊರೇ ನನ್ನ ಮನೆ ಅಂತ ಅವನಿಗೆ ಗೊತ್ತಾಗಬೇಕು. ಒಂದು ಮನೆಗೆ ಅಂಟ್ಕೊಂಡೋನು ಬಸವ ಆಗಲ್ಲ." ಅಪ್ಪ ಆಗಲಿ ಎಂದು ತಲೆಯಾಡಿಸಿದರು. ನಾನೂ ಆಡಿಸಿದೆ. ತಲೆಯಾಡಿಸುವುದಕ್ಕೇನು ಕಷ್ಟ?

ಮೂರು ಸಂಜೆ ಚೆನ್ನ ನಮ್ಮ ಬಾಗಿಲಿಗೆ ಬಂದು ನಿಂತು ಕೂಗಿದ. ಅಪ್ಪ ಬಾಗಿಲು ತೆಗೆಯಲಿಲ್ಲ. ಅಮ್ಮ ಒಲೆ ಊದುವ ನೆಪದಲ್ಲಿ ಕಣ್ಣು ಒರೆಸಿಕೊಂಡರು. ನಾಲ್ಕನೆಯ ದಿನ ಅವನು ಬರಲಿಲ್ಲ. ಐದನೆಯ ದಿನ ಶಾಲೆಯಿಂದ ಬರುವಾಗ ಕತ್ತಾಳೆ ಬೇಲಿಯ ಹಿಂದೆ, ಹುಲ್ಲಿನ ಬಣವೆಯ ಮರೆಯಲ್ಲಿ ನಿಂತಿದ್ದ. ಪಕ್ಕೆ ಒಳಗೆ ಹೋಗಿತ್ತು. ಮುದ್ರೆಯ ಗಾಯದ ಸುತ್ತ ನೊಣ ಮುತ್ತಿದ್ದವು. ನಾನು ಮನೆಗೆ ಓಡಿ, ಡಬ್ಬಿಗೆ ಕೈ ಹಾಕಿ, ಬೆಲ್ಲ ತಂದು ಅಂಗೈ ಚಾಚಿದೆ. ಹಸಿದವನಿಗೆ ತಿನ್ನಿಸಿದರೆ ದೇವರು ಬೇಡ ಅನ್ನುತ್ತಾನೆಯೇ ಎಂದು ನನಗೆ ನಾನೇ ಹೇಳಿಕೊಂಡೆ.

ಮಕ್ಕಳೇ, ಒಂದು ದಿನವಾದರೆ ಅದು ಕರುಣೆ. ನಾನು ದಿನವೂ ಕೊಟ್ಟೆ. ತಿಂಗಳೊಳಗೆ ಚೆನ್ನ ಊರವರ ಹುರುಳಿ, ಜೋಳ ಎಲ್ಲ ಮೇಯ್ದು ಗುಂಡಗಾದ. ಅವನಿಗೆ ಹಸಿವಿರಲಿಲ್ಲ. ಆದರೂ ಸಂಜೆಯಾದರೆ ಬಣವೆಯ ಹಿಂದೆ ಬಂದು ಕಾಯುತ್ತಿದ್ದ. ನಾನು ಕೊಡುತ್ತಿದ್ದೆ. ನಿಜ ಹೇಳಬೇಕೆಂದರೆ ಅವನು ದೇವರವನಾಗುವುದು ನನಗೆ ಬೇಕಿರಲಿಲ್ಲ. ಊರಿಗೆಲ್ಲ ಬಸವ, ನನಗೊಬ್ಬಳಿಗೆ ಚೆನ್ನ. ಈ ಗುಟ್ಟು ಬೆಲ್ಲಕ್ಕಿಂತ ಸಿಹಿಯಾಗಿತ್ತು.

ಬೇರೆ ಊರಿನ ಬಸವಗಳು ಗೊತ್ತಿಲ್ಲದವರು ಹತ್ತಿರ ಬಂದರೆ ಕೊಂಬು ಝಾಡಿಸುತ್ತಿದ್ದವು. ನಮ್ಮವನು ಅಂಗೈ ಕಂಡರೆ ಸಾಕು, ಯಾರ ಹತ್ತಿರವಾದರೂ ಹೋಗುತ್ತಿದ್ದ. "ಇದೇನ್ ಬಸವನೋ, ಬೆಕ್ಕಿನ ಮರಿನೋ" ಎಂದು ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಒಂದು ದಿನ ಚೆನ್ನ ಕಾಣಲಿಲ್ಲ. ದನ ಕಾಯುವ ತಾತ ಬಂದು ಅಪ್ಪನಿಗೆ ಹೇಳಿದ. "ಹಗ್ಗ ಇಲ್ಲ, ಕೋಲಿಲ್ಲ ಯಜಮಾನ್ರೆ. ದಾರೀಲಿ ಹೋಗೋನ್ಯಾರೋ ಕೈ ಚಾಚ್ದ. ನಾಯಿಮರಿ ಹಂಗೆ ಹಿಂದಿಂದೇ ಹೊಂಟೋಯ್ತು. ನಾನು ಕೂಗ್ದೆ, ತಿರುಗೂ ನೋಡ್ಲಿಲ್ಲ." ಅಪ್ಪ ಗಾಬರಿಯಾಗಲಿಲ್ಲ. "ದೇವ್ರ ಸೊತ್ತು. ಯಾವೂರಿಗೆ ಬೇಕಾದ್ರೂ ಹೋಗ್ಲಿ ಬುಡು" ಎಂದರು. ನಾನು ಬಲಗೈಯನ್ನು ಲಂಗದ ನೆರಿಗೆಯಲ್ಲಿ ಬಚ್ಚಿಟ್ಟುಕೊಂಡು ಅಲ್ಲೇ ನಿಂತಿದ್ದೆ.

ಎರಡು ವರ್ಷ ಕಳೆಯಿತು. ನನ್ನ ಅಕ್ಕನನ್ನು ಕುಣಿಗಲ್ ಕಡೆ, ಮಾರ್ಕೋನಹಳ್ಳಿ ಅಣೆಕಟ್ಟಿನ ಕೆಳಗಿನ ಒಂದು ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಅವಳು ಚೊಚ್ಚಲ ಬಸುರಿ. ಬಾಣಂತನಕ್ಕೆ ಕರೆತರಲು ಅಪ್ಪ ಹೊರಟಾಗ ನಾನೂ ಹಟ ಮಾಡಿ ಹೊರಟೆ. ಇವತ್ತಿಗೂ ನಾನು ಮರೆಯಲಾರದ ದಿನ ಅದು.

ಬೆಳಗಿನ ಬಸ್ಸಿಗೆ ಗುಬ್ಬಿಯಿಂದ ತುಮಕೂರಿಗೆ ಬಂದೆವು. ಬಸ್‌ಸ್ಟ್ಯಾಂಡಿನಲ್ಲಿ ಸೀಬೆಹಣ್ಣಿನ ವಾಸನೆ, ಡೀಸೆಲ್ ವಾಸನೆ, ಮಲ್ಲಿಗೆ ಮಾರುವವರ ಕೂಗು. ಅಪ್ಪ ಹೊಸ ಚಪ್ಪಲಿ ಮೆಟ್ಟಿದ್ದರು. ಬೀಗರ ಮನೆಗೆ ಅಂತಲೇ ಮಾಡಿಸಿದ್ದು. ನಡೆದರೆ ಕಿರ್ ಕಿರ್ ಎನ್ನುತ್ತಿತ್ತು. ಅಮ್ಮ ಕಟ್ಟಿಕೊಟ್ಟಿದ್ದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ಕುಣಿಗಲ್ ಕೆರೆ ಏರಿಯ ಹತ್ತಿರ ಕೂತು ತಿಂದೆವು. ಅಕ್ಕನಿಗೆ ಅಂತ ಒಂದು ಡಬ್ಬಿ ತುಂಬ ಚಿಗಳಿ ಇತ್ತು. ಎಳ್ಳು, ಬೆಲ್ಲ ಕುಟ್ಟಿ ಮಾಡಿದ ಉಂಡೆ. ದಾರಿಯುದ್ದಕ್ಕೂ ಅದನ್ನು ನಾನೇ ಹೊತ್ತಿದ್ದೆ. ಹೊತ್ತವರಿಗೆ ಕೂಲಿ ಬೇಡವೇ? ಆಗೊಂದು ಈಗೊಂದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಕೊನೆಯ ಬಸ್ಸಿಳಿದು ನಾಲೆಯ ದಡದಲ್ಲಿ ನಡೆದೆವು. ಅಷ್ಟು ನೀರನ್ನು, ಅಷ್ಟು ಹಸುರನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ. ಒಂದು ಕಡೆ ಭತ್ತ ಕೊಯ್ದ ಗದ್ದೆ, ಇನ್ನೊಂದು ಕಡೆ ಕಬ್ಬು. ಬೆಳ್ಳಕ್ಕಿಗಳು ಕೆಸರಲ್ಲಿ ಲೆಕ್ಕವಿಲ್ಲದಷ್ಟು. ಬಿಸಿಲು ಇಳಿಯುತ್ತಿತ್ತು. ತಿರುವಿನಲ್ಲಿ ಭತ್ತದ ಹುಲ್ಲು ಹೇರಿದ್ದ ಒಂದು ಎತ್ತಿನ ಗಾಡಿ ಕೆಸರಿನಲ್ಲಿ ಹೂತು ನಿಂತಿತ್ತು. ಗಾಡಿಯವರು ವಯಸ್ಸಾದವರು, ಒಬ್ಬರೇ ಒದ್ದಾಡುತ್ತಿದ್ದರು. ಅಪ್ಪ ಪಂಚೆ ಎತ್ತಿಕಟ್ಟಿ, ಚಪ್ಪಲಿ ಬಿಟ್ಟು, ಗಾಲಿಗೆ ಹೆಗಲು ಕೊಡಲು ಇಳಿದರು. ನಾನು ಮುಂದೆ ನಿಂತು ಡಬ್ಬಿಯಿಂದ ಇನ್ನೊಂದು ಚಿಗಳಿ ತೆಗೆದೆ.

ಎಡಗಡೆಯ ಎತ್ತು ತಲೆ ಎತ್ತಿತು. ಮೂಗು ಅರಳಿಸಿತು. ನೊಗವನ್ನೂ ಜೊತೆಯ ಎತ್ತನ್ನೂ ಎಳೆದುಕೊಂಡು ನನ್ನ ಕಡೆ ಒಂದು ಹೆಜ್ಜೆ ಇಟ್ಟು ನಾಲಿಗೆ ಚಾಚಿತು. ಮೈ ಬೆವರು, ಮಣ್ಣಿಗೆ ಕಂದಾಗಿತ್ತು. ಹೆಗಲ ಮೇಲೆ ನೊಗ ಉಜ್ಜಿ ಉಜ್ಜಿ ದಪ್ಪಗಾಗಿದ್ದ ಗಂಟು. ಮೂಗಿನಲ್ಲಿ ಮೂಗುದಾರ. ಕಣ್ಣಿನ ಸುತ್ತ ಕಾಡಿಗೆ ತೀಡಿದ ಕಪ್ಪು ಅಂಚು ಮಾತ್ರ ಹಾಗೆಯೇ ಇತ್ತು. ನನ್ನ ಕೈಯಲ್ಲಿದ್ದ ಚಿಗಳಿ ಕೆಳಗೆ ಬಿತ್ತು. ಬರಿಯ ಅಂಗೈಯನ್ನೇ ಅವನು ನೆಕ್ಕಿದ. ಆ ಒರಟು ನಾಲಿಗೆ ಬೇರೆ ಯಾರದೂ ಆಗಿರಲು ಸಾಧ್ಯವಿರಲಿಲ್ಲ.

"ಹೆದರ್ಕೋಬೇಡ ಮಗ, ಬಲು ಸಾಧು ಅದು" ಎಂದರು ಗಾಡಿಯವರು ನಗುತ್ತ. "ಸಂತೇಲಿ ನೋಡ್ದೆ. ಗುರುತಿಲ್ದೋರು ಕೈ ನೀಡಿದ್ರೂ ಹತ್ರ ಬತ್ತಿತ್ತು. ಇಂಥ ಸಾಧುಪ್ರಾಣಿ ಸಿಗಲ್ಲ ಅಂತ ಹಿಡ್ಕೊಂಡ್ ಬಂದೆ."

ಅಪ್ಪ ಗಾಲಿ ಬಿಟ್ಟು ಮುಂದೆ ಬಂದರು. ಎತ್ತನ್ನು ನೋಡಿದರು, ನನ್ನನ್ನು ನೋಡಿದರು. ಹಿಂದೆ ಹೋಗಿ ಅದರ ಬಲತೊಡೆಯ ಮೇಲಿನ ಕೆಸರನ್ನು ಕೈಯಿಂದ ಒರೆಸಿದರು. ಯಾರೋ ಮುದ್ರೆಯ ಮೇಲೆ ಅಡ್ಡಡ್ಡ ಬರೆ ಎಳೆದು ಗುರುತು ಕೆಡಿಸಿದ್ದರು. ಆದರೂ ಗೆರೆಗಳ ನಡುವೆ ಲಿಂಗದ ದುಂಡು ತಲೆ ಕಾಣುತ್ತಿತ್ತು. ಅಪ್ಪ ಅದರ ಮೇಲೆ ಬೆರಳಾಡಿಸಿದರು. "ಇದು ಬಸವ ಕಣಣ್ಣ. ನಾವು ಬಿಟ್ಟಿದ್ದು" ಎಂದರು.

ಗಾಡಿಯವರ ಮುಖದ ಬಣ್ಣವೇ ಹೋಯಿತು. "ಶಿವನೇ! ಬಸವನ್ನ ಹೂಡಿದ್ನಾ ನಾನು? ನಂಗೊತ್ತಿಲ್ಲ ಸ್ವಾಮಿ, ನನ್ ಮಕ್ಳಾಣೆಗೂ ಗೊತ್ತಿಲ್ಲ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು. ಕುಡುಗೋಲು ತೆಗೆದು ಅಲ್ಲೇ ಮೂಗುದಾರ ಕತ್ತರಿಸಿದರು. ಕೊರಳಿನ ಪಟ್ಟಿ ಬಿಚ್ಚಿದರು. ಗಾಡಿ ವಾಲದ ಹಾಗೆ ಆ ಬದಿಯ ನೊಗವನ್ನು ಅಪ್ಪ ಎರಡು ಕೈಯಿಂದ ಎತ್ತಿ ಹಿಡಿದುಕೊಂಡರು. "ಹೋಗಪ್ಪ ಚೆನ್ನ. ಹೋಗು" ಎಂದರು.

ಚೆನ್ನ ಹತ್ತು ಹೆಜ್ಜೆ ಹೋದ. ನಾಲೆ ದಡದ ಹುಲ್ಲಿಗೆ ಬಾಯಿ ಹಾಕಿದ. ಮುಂದೆ ದಾರಿ ಉದ್ದಕ್ಕೆ ಖಾಲಿ ಇತ್ತು. ಕಬ್ಬಿನ ಗದ್ದೆಗೆ ಬೇಲಿಯೂ ಇರಲಿಲ್ಲ. ಹೋಗು, ಹೋಗು ಎಂದು ನಾನು ಮನಸ್ಸಿನಲ್ಲಿ ಕೂಗಿಕೊಂಡೆ. ಅವನು ತಲೆ ಎತ್ತಿ ಆ ಕಡೆ ನೋಡಿದ, ಈ ಕಡೆ ನೋಡಿದ. ಆಮೇಲೆ ತಿರುಗಿ ನಿಧಾನವಾಗಿ ಗಾಡಿಯ ಕಡೆಗೇ ಬಂದ. ಅಪ್ಪ ಎತ್ತಿ ಹಿಡಿದಿದ್ದ ನೊಗದ ಕೆಳಗೆ, ಅಪ್ಪನ ತೋಳಿನ ಪಕ್ಕದಲ್ಲೇ, ತಾನೇ ಕೊರಳು ತೂರಿಸಿ ನಿಂತುಕೊಂಡ.

ಗಾಡಿಯವರು, "ಈಗೇನ್ಮಾಡ್ಲಿ ಹೇಳಿ ಸ್ವಾಮಿ" ಎಂದು ಕೇಳಿದರು. ಅಪ್ಪ ನೊಗವನ್ನು ಅವನ ಹೆಗಲ ಮೇಲೆ ಮೆಲ್ಲಗೆ ಇಳಿಸಿದರು. "ಅವ್ನೇ ಬಂದು ನಿಂತವ್ನೆ. ನಾನೇನ್ ಹೇಳ್ಲಿ. ಮತ್ತೆ ಮೂಗುದಾರ ಹಾಕ್ಬೇಡಿ. ಭಾರ ಕಮ್ಮಿ ಹೇರಿ" ಎಂದರು. "ಸೋಮವಾರ ಹೆಂಗೂ ಹೂಡಲ್ಲ, ವಾರದಲ್ಲಿ ಇನ್ನೊಂದಿನಾನೂ ಬಿಡುವು ಕೊಡ್ತೀನಿ. ನನ್ ಕೈಲಾಗೋದು ಅಷ್ಟೇಯ" ಎಂದು ಅವರು ಅಪ್ಪನ ಕಾಲು ಮುಟ್ಟಲು ಬಂದರು. ಅಪ್ಪ ಹಿಂದೆ ಸರಿದರು. ಗಾಡಿ ಕೆಸರಿನಿಂದ ಮೇಲೆದ್ದು ಕಿರುಗುಟ್ಟುತ್ತ ಹೋಯಿತು. ಚೆನ್ನ ಹಿಂತಿರುಗಿ ನೋಡಲಿಲ್ಲ.

ಬಿಟ್ಟಿದ್ದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಂದು, ನಾಲೆಯ ಮೆಟ್ಟಿಲ ಮೇಲೆ ಕೂತು ಅಪ್ಪ ಕಾಲಿನ ಕೆಸರು ತೊಳೆದರು. ನಾನು ಪಕ್ಕದಲ್ಲಿ ಕೂತೆ. ಅಕ್ಕನ ಊರು ಎದುರಿಗೇ ಕಾಣುತ್ತಿತ್ತು. ಒಲೆಯ ಹೊಗೆ ಏಳುತ್ತಿತ್ತು. ಅಪ್ಪ ನೀರನ್ನು ನೋಡುತ್ತಲೇ ಮಾತಾಡಿದರು. ದೊಡ್ಡವರೊಡನೆ ಮಾತಾಡುವ ಹಾಗೆ ನನ್ನೊಡನೆ ಮಾತಾಡಿದ್ದು ಅದೇ ಮೊದಲು.

"ಅವತ್ತು ಕಣ್ಣಿ ಬಿಚ್ಚೋವಾಗ ಒಂದ್ ಗಳಿಗೆ ನನ್ ಮನಸ್ಸು ಹಿಂಜರೀತು ಕಣವ್ವ. ಎಂಥ ಹೋರಿ, ಇದಕ್ಕೊಂದು ಜೊತೆ ಹಾಕಿದ್ರೆ ಸೀಮೇಗಿಲ್ಲದ ಜೋಡಿ ಆಗೋದು ಅಂತ ಆಸೆ ಪಟ್ಟೆ. ಬಾಯಲ್ಲಿ ಶಿವಾರ್ಪಣ ಅಂದೆ, ಒಳಗೆ ನೊಗ ಹೂಡ್ದೆ. ಕೊಟ್ಟಿದ್ದನ್ನ ಮನಸ್ಸಲ್ಲಿ ಮುಟ್ದೆ. ಅದ್ಕೇ ದೇವ್ರು ಬೇಡ ಅಂದ. ಇಲ್ಲಿವರ್ಗೂ ಕರ್ಕೊಂಡ್ ಬಂದು ಕಣ್ಣಾರೆ ತೋರಿಸ್ದ." ಆಮೇಲೆ ನನ್ನ ತಲೆ ಸವರಿ, "ದೀಪ ಹಚ್ಚೋಕ್ ಮುಂಚೆ ಯಾರಿಗಾದ್ರೂ ಹೇಳ್ಬೇಕಲ್ಲ. ನಿಂಗೇ ಹೇಳ್ದೆ" ಎಂದರು.

ಅಪ್ಪನ ಮೂರನೆಯ ಮಾತು ಇದೇ. "ತಪ್ಪು ಮಾಡಿದ್ರೆ ಅವತ್ತಿನ ದೀಪ ಹಚ್ಚೋದ್ರೊಳಗೆ ಬಾಯಿಬಿಟ್ಟು ಹೇಳ್ಬಿಡು."

ಹೇಳಬೇಕಾದವಳು ಪಕ್ಕದಲ್ಲೇ ಕೂತಿದ್ದಳು. ಅಪ್ಪ, ಅದು ನೀನಲ್ಲ, ನಾನು. ಇಷ್ಟೇ ಮಾತು. ನಾಲಿಗೆಯ ತುದಿಗೆ ಬಂದಿತ್ತು. ನನ್ನ ಅಂಗೈ ಇನ್ನೂ ಒದ್ದೆಯಾಗಿತ್ತು, ಬೆರಳ ಸಂದಿನಲ್ಲಿ ಎಳ್ಳು ಅಂಟಿತ್ತು. ಆದರೆ ಹೇಳಿದರೆ ಅಪ್ಪ ನನ್ನನ್ನು ಹೇಗೆ ನೋಡುತ್ತಾರೋ ಅನ್ನುವ ಹೆದರಿಕೆ. ನಾಳೆ ಹೇಳೋಣ, ಮನೆಗೆ ಹೋದ ಮೇಲೆ ಹೇಳೋಣ ಎಂದುಕೊಂಡೆ. ಎದುರಿನ ಊರಿನಲ್ಲಿ ಒಂದೊಂದೇ ದೀಪ ಹತ್ತಿತು. ಅಪ್ಪ ಎದ್ದರು. ಹೊಸ ಚಪ್ಪಲಿಯನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಬರಿಗಾಲಲ್ಲಿ ನಡೆದರು. ಬಾಗಿಲಲ್ಲಿ ಅಕ್ಕ, "ಚಪ್ಪಲಿ ಎಲ್ಲಪ್ಪ?" ಎಂದು ಕೇಳಿದಾಗ "ಬಿಟ್ಟೆ ಕಣವ್ವ" ಎಂದರು. ಅಕ್ಕ ಹೊರಗೆ ಬಿಟ್ಟಿದ್ದಾರೆ ಅಂದುಕೊಂಡಳು.

ಅಪ್ಪ ಆಮೇಲೆ ಬದುಕಿರುವವರೆಗೆ ಚಪ್ಪಲಿ ಮೆಟ್ಟಲಿಲ್ಲ. ಬೇಸಗೆಯ ಕಾದ ಮಣ್ಣಲ್ಲಿ, ರಾಗಿ ಕೊಯ್ದ ಕೂಳೆಯಲ್ಲಿ, ಜಾಲಿಮುಳ್ಳಿನ ದಾರಿಯಲ್ಲಿ ಬರಿಗಾಲು. ಯಾಕೆ ಅಂತ ಅಮ್ಮನಿಗೂ ಹೇಳಲಿಲ್ಲ. ಸಂಜೆ ಅಪ್ಪನ ಪಾದ ನನ್ನ ಮಡಿಲಲ್ಲಿಟ್ಟುಕೊಂಡು ಸೂಜಿಯಿಂದ ಮುಳ್ಳು ತೆಗೆಯುವುದು ನನ್ನ ಕೆಲಸವಾಯಿತು. "ನಿನ್ ಕೈ ಹಗುರ ಕಣವ್ವ, ನೋವೇ ಆಗಲ್ಲ" ಎನ್ನುತ್ತಿದ್ದರು. ಪ್ರತಿ ಮುಳ್ಳು ತೆಗೆಯುವಾಗಲೂ ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಆಮೇಲೆ ದೀಪ ಹಚ್ಚುವ ಹೊತ್ತಾಗುತ್ತಿತ್ತು.

ಅಪ್ಪ ನನ್ನನ್ನು ಓದಿಸಿದರು. ಹುಡುಗಿಯನ್ನು ತುಮಕೂರಿಗೆ ಕಳಿಸ್ತೀಯಾ, ಬಿಟ್ಟ ಬಸವನ ಹಾಗೆ ಆಗ್ತಾಳೆ ಎಂದು ನೆಂಟರು ಹೆದರಿಸಿದರು. "ಆಗ್ಲಿ ಬುಡಿ, ಇವ್ಳೊಬ್ಳನ್ನಾದ್ರೂ ಸರಿಯಾಗಿ ಬಿಡ್ತೀನಿ" ಎಂದು ಅಪ್ಪ ನಕ್ಕರು. ನನ್ನನ್ನು ಬಸ್ಸು ಹತ್ತಿಸಿ, ಅದು ಹೊರಡುವ ಮುಂಚೆಯೇ ಬೆನ್ನು ತಿರುಗಿಸಿ ಊರ ದಾರಿ ಹಿಡಿದರು. ನನಗೆ ಆಗ ತುಂಬ ಸಿಟ್ಟು ಬಂದಿತ್ತು. ಕೆಲಸ ಸಿಕ್ಕ ಮೇಲೆ ಒಂದು ಜೊತೆ ಒಳ್ಳೆಯ ಚಪ್ಪಲಿ ತಂದುಕೊಟ್ಟೆ. ಕಣ್ಣಿಗೊತ್ತಿಕೊಂಡು ಅದನ್ನು ದನ ಕಾಯುವ ತಾತನಿಗೆ ಕೊಟ್ಟುಬಿಟ್ಟರು. "ಹಾಕ್ಕೋ ಅಪ್ಪ, ಹ್ಞೂಂ ಅನ್ನು" ಎಂದು ಅತ್ತು ಕರೆದೆ. ಅಷ್ಟೆಲ್ಲ ಮಾತಾಡಿದೆ. ಯಾವ ಒಂದು ಮಾತು ಹೇಳಿದ್ದರೆ ಅವರು ಹಾಕಿಕೊಳ್ಳುತ್ತಿದ್ದರೋ ಅದನ್ನು ಮಾತ್ರ ಹೇಳಲಿಲ್ಲ. ಅಪ್ಪ ಶಿವನ ಪಾದ ಸೇರಿದ ದಿನ, ಸಮಾಧಿಗೆ ಕೂರಿಸುವ ಮುಂಚೆ ಅವರ ಅಂಗಾಲು ನೋಡಿದೆ. ಬೇಸಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು.

ಈಗ ನನ್ನ ಹಿರಿಯ ಮೊಮ್ಮಗಳ ವಿಷಯ. ನಾವಿರುವುದು ತುಮಕೂರಿನಲ್ಲಿ. ಮಗ ಅಂತರಸನಹಳ್ಳಿಯ ಕಾರ್ಖಾನೆಗೆ ಬೈಕಿನಲ್ಲಿ ಹೋಗಿಬರುತ್ತಾನೆ. ಈ ಹುಡುಗಿ ವಾಲಿಬಾಲ್ ಆಡುತ್ತಾಳೆ. ಚೆಂಡು ಹೊಡೆಯಲು ಎಗರಿದರೆ ನನ್ನೆದೆ ಝಲ್ಲೆನ್ನಬೇಕು, ಅಷ್ಟೆತ್ತರ. ಮೈಸೂರಿನ ಕ್ರೀಡಾ ಹಾಸ್ಟೆಲಿನಿಂದ ಅವಳಿಗೆ ಸೇರಲು ಅರ್ಜಿ ಫಾರಂ ಬಂದಿತ್ತು. ಅವಳ ಅಪ್ಪ ಅಮ್ಮ ಇಬ್ಬರೂ ಒಪ್ಪಿದ್ದರು. ಒಪ್ಪದವಳು ನಾನು. ಬೇಡ ಅಂತ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ದಡ್ಡಿಯಲ್ಲ. "ಇಲ್ಲೇ ಓದು ಪುಟ್ಟಿ, ನನ್ನ ಪೆನ್ಷನ್ನಿನಲ್ಲಿ ಸ್ಕೂಟಿ ಕೊಡಿಸ್ತೀನಿ. ನೀನಿಲ್ಲದಿದ್ರೆ ನನ್ನ ಮೊಣಕಾಲಿಗೆ ಎಣ್ಣೆ ಹಚ್ಚೋರ್ಯಾರು?" ಎಂದೆ. ಎರಡು ದಿನ ಯೋಚಿಸಿ, "ಆಯ್ತಜ್ಜಿ, ಹೋಗಲ್ಲ" ಎಂದಳು. ಚೆಂಡನ್ನು ಮಂಚದ ಕೆಳಗೆ ದೂಡಿದಳು. ನಾನು ಖುಷಿಯಾಗಿದ್ದೆ.

ನಿನ್ನೆ ಪಕ್ಕದ ಮನೆಯಾಕೆ ಬಂದಿದ್ದರು. ಇವಳು ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. "ಈಗಿನ ಕಾಲದಲ್ಲಿ ಇಂಥ ಹುಡುಗಿ ಸಿಗಲ್ಲ ಕಣ್ರೀ. ಬಲು ಸಾಧು" ಎಂದರು ಆಕೆ. ನಾಲೆಯ ದಡದ ಕೆಸರು ವಾಸನೆ ಮೂಗಿಗೆ ಬಡಿದ ಹಾಗಾಯಿತು. ಕಾಲು ಹಿಂದಕ್ಕೆ ಎಳೆದುಕೊಂಡೆ.

ಇವತ್ತು ಸಂಜೆ ಇಬ್ಬರನ್ನೂ ಕೂರಿಸಿಕೊಂಡು ಇಷ್ಟನ್ನೂ ಹೇಳಿದೆ. ಕಿರಿಯವನು ಬರೆದುಕೊಳ್ಳುವುದನ್ನು ನಡುವೆಯೇ ನಿಲ್ಲಿಸಿದ್ದ. ನಾನು ಮೊಮ್ಮಗಳ ಕಡೆ ತಿರುಗಿ, "ಸ್ಕೂಟಿ ಆಸೆ ತೋರಿಸಿದ್ದು ನಿನಗೋಸ್ಕರ ಅಲ್ಲ ಕಣೇ, ನನಗೋಸ್ಕರ. ನೀನು ನನ್ನ ಬಿಟ್ಟು ಹೋಗೋದು ನನಗೆ ಬೇಕಿರಲಿಲ್ಲ. ತಪ್ಪು ನನ್ನದು. ಹೋಗು" ಎಂದೆ. ಅವಳು ನನ್ನ ಮುಖ ನೋಡಿದಳು. "ಪರವಾಗಿಲ್ಲ ಬಿಡಜ್ಜಿ, ನಾನಿಲ್ಲೇ ಇರ್ತೀನಿ" ಎಂದಳು.

ನೊಗದ ಕೆಳಗೆ ತಾನೇ ಕೊರಳು ತೂರಿಸಿದವನು ಕಣ್ಣ ಮುಂದೆ ಬಂದ. ಈ ಸಲ ನಾನು ಸುಮ್ಮನಿರಲಿಲ್ಲ. ಎದ್ದು ಹೋಗಿ ಮಂಚದ ಕೆಳಗೆ ಬಗ್ಗಿ, ಮೊಣಕಾಲು ಕಟಕಟ ಎಂದರೂ ಬಿಡದೆ, ಚೆಂಡನ್ನು ಎಳೆದು ತಂದು ಅವಳ ಮಡಿಲಲ್ಲಿಟ್ಟೆ. "ಏನ್ಲೇ, ಅಜ್ಜಿಗೆ ಎದುರು ಮಾತಾಡೋದೂ ಕಲೀಲಿಲ್ವಾ ನೀನು? ಅರ್ಜಿ ತಗೊಂಬಾ. ನಾಳೆ ಕೊನೇ ದಿನ" ಎಂದು ಗದರಿದೆ. ಅವಳು ಒಮ್ಮೆಗೇ ಅತ್ತುಬಿಟ್ಟಳು. ಆಮೇಲೆ ಓಡಿಹೋಗಿ ತಂದಳು. ಮಡಚಿದ ಗೆರೆಗಳನ್ನು ಅಂಗೈಯಿಂದ ಉಜ್ಜಿ ಉಜ್ಜಿ ನೇರ ಮಾಡಿದಳು.

ಮಕ್ಕಳೇ, ನನ್ನ ಕಾಲದಲ್ಲಿ ಕಟ್ಟುವುದಕ್ಕೆ ಕಣ್ಣಿ ಇತ್ತು, ಮೂಗುದಾರ ಇತ್ತು. ಕಣ್ಣಿಗೆ ಕಾಣುತ್ತಿತ್ತು, ಬಿಚ್ಚಲೂ ಬರುತ್ತಿತ್ತು. ನಿಮ್ಮ ಮನೆಯಲ್ಲಿ ಹಗ್ಗವೇ ಇಲ್ಲ. ಸ್ಕೂಟಿ ಇದೆ, ಮೊಬೈಲ್ ಇದೆ, ಅಜ್ಜಿಯ ಮೊಣಕಾಲು ನೋವಿದೆ. ನಮಗೆ ಹೊರಗೆ ಹೋಗಲು ಬಿಡುತ್ತಿರಲಿಲ್ಲ. ನಿಮಗೆ ಹೋಗಿ ಅನ್ನುತ್ತಲೇ ಅಂಗೈ ಚಾಚುತ್ತೇವೆ.

"ಅಜ್ಜಿ, ಮೂರು ಸೂತ್ರಾನೂ ಆಯ್ತು. ಕತ್ತಲಾಯ್ತು, ಲೈಟ್ ಹಾಕ್ಲಾ?" ಎಂದು ಕಿರಿಯವನು ಎದ್ದು ಸ್ವಿಚ್ಚಿನ ಮೇಲೆ ಬೆರಳಿಟ್ಟ.

"ಸ್ವಲ್ಪ ತಾಳು ಮಗ" ಎಂದೆ. ಗೋಡೆಯ ಮೇಲೆ ಅಪ್ಪನ ಫೋಟೋ ಇದೆ. ಅದರ ಮುಂದೆ ಹೋಗಿ ನಿಂತೆ. "ಅಪ್ಪ, ಅದು ನೀನಲ್ಲ. ನಾನು" ಎಂದೆ. ಗಟ್ಟಿಯಾಗಿಯೇ ಹೇಳಿದೆ.

"ಈಗ ಹಾಕು" ಎಂದೆ. ಅವನು ಲೈಟ್ ಹಾಕಿದ. ಫೋಟೋದಲ್ಲಿ ಅಪ್ಪ ವಿಭೂತಿ ಹಚ್ಚಿಕೊಂಡು ನಗುತ್ತಿದ್ದಾರೆ. ಅದು ಎದೆಯವರೆಗಿನ ಫೋಟೋ. ಕಾಲು ಕಾಣುವುದಿಲ್ಲ.